ಎರಡು ಬೆರಳು ಕಡಿಮೆ

ಬೋರಿವಲಿಯಿಂದ ಬಸ್ಸು, ಬಸ್ಸಿಳಿದು ಜೆಟ್ಟಿ.
ಗೋರಾಯಿ ಖಾಡಿ ದಾಟಿಸುವ ದೋಣಿಯಲ್ಲಿ
ಒಣಮೀನಿನ ಬುಟ್ಟಿ, ಎರಡು ಸ್ಕೂಟರು, ನಾವು ಐದು ಜನ.
ನಟ್ಟನಡುವೆ ಅವ್ವ ನೀರಿಗೊಂದು ರೂಪಾಯಿ ಎಸೆದಳು.
"ಇದು ಹೊಳಿ ಅಲ್ಲಬೇ, ಖಾಡಿ" ಅಂದೆ.
"ನೀರಿನ ಹೆಸರು ಕೇಳಿ ಕೈ ಮುಗೀತಾರೇನು?" ಅಂದಳು.

ಗೇಟಿನಲ್ಲಿ ಚೀಲ ಬಿಚ್ಚಿಸಿದರು.
ಸುವರ್ಣಾ ನಾಲ್ಕಕ್ಕೆ ಎದ್ದು ಬಡಿದ ಹದಿನೆಂಟು ರೊಟ್ಟಿ,
ಬದನೆಕಾಯಿ ಎಣಗಾಯಿ, ಡಬ್ಬಿ ಸಮೇತ
ನಂಬರು ಬರೆದ ಕಪಾಟು ಸೇರಿದವು.
ಒಳಗೆ ಒಂದು ಸಮೋಸಕ್ಕೆ ತೊಂಬತ್ತು.
ಅವ್ವನ ಸೊಂಟ ಮಾತ್ರ ಯಾರೂ ತಡವಲಿಲ್ಲ.
ಅಲ್ಲಿ, ಇಳಕಲ್ ಸೀರೆಯ ಮಡಿಕೆಯಲ್ಲಿ,
ಆರು ಶೇಂಗಾ ಹೋಳಿಗೆ ಬಿಸಿಲಿಗೆ ಮೆತ್ತಗಾಗುತ್ತಿದ್ದವು.

ಎಲ್ಲರ ಮಣಿಕಟ್ಟಿಗೂ ಕಿತ್ತಳೆ ಬಣ್ಣದ ಕಾಗದದ ಪಟ್ಟಿ.
"ಬಾಳಂತೇರ ವಾರ್ಡಿನ್ಯಾಗ ಹಿಂಗ ಕಟ್ಟತಾರ" ಅವ್ವ ನಕ್ಕಳು,
ಬಳೆ ಹಿಂದೆ ಸರಿಸಿ, ಕೈ ಚಾಚಿ.

ವಾರದ ಆರು ದಿನ ನಾನು ಲಿಫ್ಟು ರಿಪೇರಿಯವನು.
ಮಲಾಡಿನ ಮೂವತ್ತು ಮಾಳಿಗೆಯ ಕತ್ತಲ ಬಾವಿಯಲ್ಲಿ
ಹಗ್ಗಕ್ಕೆ ಜೋತು ಗ್ರೀಸು ಹಚ್ಚುವವನು.
ಮೇಲೆ ಒಯ್ದು ಧೊಪ್ಪನೆ ಕೆಳಗೆ ಬಿಡುವ ಆ ಕಂಬದ ಆಟಕ್ಕೆ
ದುಡ್ಡು ಕೊಟ್ಟು ಹತ್ತುವುದೆಂದರೆ, ಭಾನುವಾರವೂ ಡ್ಯೂಟಿ.
ಕಿವಿಗೊಟ್ಟು ಕೇಳಿದೆ: ಬೇರಿಂಗು ಸರಿಯಿದೆ.
ಪ್ರಥಮೇಶನಿಗೆ ಹೇಳಿದೆ, ಹೆದರಬೇಡ, ಅಪ್ಪ ಇದ್ದಾನೆ.

ಆದರೆ ಸಾಲಿನ ಬಾಯಲ್ಲಿ ಮರದ ಕರಡಿ.
ಒಂದು ಕೈ ಅಡ್ಡ ಚಾಚಿ, ಹಲ್ಲು ಕಿರಿದು,
ನನ್ನ ಕೈಗೆ ತಲೆ ತಾಗಿದರೆ ಬಾ ಅನ್ನುತ್ತದೆ.
ಐದು ವರ್ಷದ ಗೌತಮಿ ತುದಿಗಾಲಲ್ಲಿ ನಿಂತಳು.
ಹುಡುಗ ಮೆಲ್ಲಗೆ ಅವಳ ಭುಜ ಒತ್ತಿದ.
ಹಿಮ್ಮಡಿ ನೆಲ ಮುಟ್ಟಿತು.
ಎರಡು ಬೆರಳು ಕಡಿಮೆ.
"ಮೀ ಮೋಠೀ ಆಹೇ!" ಅಂತ ಕಿರುಚಿದಳು,
ಅಳು ಬಂದಾಗ ಮಾತ್ರ ಅವಳಿಗೆ ಮರಾಠಿ.
ಹಿಂದಿನವರು ನುಗ್ಗುತ್ತಿದ್ದರು, ಯಾರದೋ ಐಸ್‌ಕ್ರೀಮು ನನ್ನ ಬೆನ್ನಿಗೆ.
"ಹಂಗಾರ ಅಜ್ಜೀನೂ ಅಳೀರಿ!"

ಅವ್ವ ಹೋಗಿ ನಿಂತಳು.
ಚಪ್ಪಲಿ ಕಳಚಿ, ಸೆರಗು ತಲೆಗೆಳೆದು,
ಫೋಟೋಕ್ಕೆ ನಿಂತಂತೆ.
ಕರಡಿಯ ಕೈ ಮತ್ತು ಅವ್ವನ ನೆತ್ತಿಯ ನಡುವೆ
ಗಾಳಿ ಆಡುತ್ತಿತ್ತು.

ಹುಡುಗ ನಗಲು ಹೋಗಿ ನಗಲಿಲ್ಲ.
ಈ ಬೆನ್ನು ಯಾವಾಗ ಇಷ್ಟು ಬಾಗಿತು?
ಕಲ್ವಾದ ಖೋಲಿಯಲ್ಲಿ ದಿನಾ ಎದುರಿಗೇ ಕೂತು ಉಂಡವನು ನಾನು,
ನೆಲದ ಮೇಲೆ ಕೂತವರ ಎತ್ತರ ಯಾರು ನೋಡುತ್ತಾರೆ.

ನಾವು ಮೂವರು ಮೇಲೆ ಹೋದೆವು.
ತುದಿಯಲ್ಲಿ ಒಂದು ಗಳಿಗೆ ಎಲ್ಲ ನಿಂತಿತು.
ಸಮುದ್ರ, ಉಪ್ಪಿನ ಗದ್ದೆ, ಪಗೋಡದ ಬಂಗಾರದ ತುದಿ.
ಕೆಳಗೆ ಬೆಂಚಿನ ಮೇಲೆ ಎರಡು ಚುಕ್ಕಿ,
ಒಂದು ಹಸಿರು, ಒಂದು ಗುಲಾಬಿ,
ತಲೆಗೆ ತಲೆ ತಾಗಿಸಿ ಏನೋ ಮುರಿದು ತಿನ್ನುತ್ತಿದ್ದವು.
ಆಮೇಲೆ ಬಿಟ್ಟರು.
ಹೊಯ್ಕೊಂಡವನು ನಾನೇ. ಪ್ರಥಮೇಶ ಸೋಮವಾರ
ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದ.

ಇಳಿದು ಬಂದಾಗ ಹೋಳಿಗೆ ಒಂದೂವರೆ ಉಳಿದಿತ್ತು.
"ಹ್ಯಾಂಗಿತ್ತೋ?" ಕೇಳಿದಳು ಅವ್ವ.
ಕಾಲು ನಡುಗುತ್ತಿದ್ದವು, ಏನೂ ಹೇಳಲಿಲ್ಲ.
ಗೌತಮಿ ಅಜ್ಜಿಯ ಪರವಾಗಿ ಕಣ್ಣು ಕಿರಿದು ಮಾಡಿ
ನನ್ನನ್ನೇ ಅಳೆಯುತ್ತಿದ್ದಳು.

ಸಂಜೆಯ ದೋಣಿ. ಕಪಾಟಿನ ರೊಟ್ಟಿ ಅಲ್ಲಿಯೇ ಬಿಚ್ಚಿದೆವು.
ಮೀನಿನ ಬುಟ್ಟಿಯಾಕೆಗೂ ಎರಡು ಕೊಟ್ಟಳು ಸುವರ್ಣಾ.

ಮನೆಯಲ್ಲಿ ಎಲ್ಲರ ಪಟ್ಟಿ ಕತ್ತರಿಸಿದೆ.
ಅವ್ವ ಕೈ ಹಿಂದಕ್ಕೆಳೆದುಕೊಂಡಳು.
ಗುರುವಾರವೂ ಇತ್ತು, ಬಣ್ಣ ಬಿಟ್ಟು,
ಹಸಿರು ಬಳೆಗಳ ನಡುವೆ, ಪಾತ್ರೆ ತಿಕ್ಕುವ ಕೈಯಲ್ಲಿ.
"ತಗೀಬೇ, ಹೊಲಸಾತು" ಅಂದರೆ
"ಇರಲಿ ಬಿಡೋ, ನಂದಿನ್ನೂ ಒಂದು ಆಟ ಬಾಕಿ ಐತಿ."