ಬೀಗದ ಕೈ

ದಸರಾ ರಜೆಗೆ ಹನುಮಂತನಗರದ ನಮ್ಮ ಕ್ರಾಸು ಅರ್ಧ ಖಾಲಿ.
ನಾಲ್ಕು ಮನೆಯ ಬೀಗದ ಕೈ ನನ್ನ ಸೊಂಟದಲ್ಲಿ,
ನಡೆದರೆ ಎತ್ತಿನ ಗೆಜ್ಜೆ.
ಸದ್ದಾಗಬಾರದು ಅಂತ ಕರ್ಚೀಫಲ್ಲಿ ಸುತ್ತಿ
ಸೆರಗಿನೊಳಗೆ ಸಿಕ್ಕಿಸಿಕೊಂಡೆ.

ಬೀಗ ಹಾಕೋದೇನು ದೊಡ್ಡ ವಿದ್ಯೆಯಲ್ಲ.
ಪುಖರಾಜ್ ಸೇಟು ಅಂಗಡೀಲಿ ಏಳು ಲಿವರಿನದು ಸಿಗುತ್ತೆ,
ಗರಗಸಕ್ಕೂ ಬಗ್ಗದ್ದು.
ಬೀಗ ಇರೋದು ಕಾಣದ ಹಾಗೆ ಮಾಡೋದು ವಿದ್ಯೆ.
ಮನೇಲಿ ಜನ ಇದಾರೆ ಅಂತ
ಗೋಡೆ ಕೈಲಿ, ಗೇಟಿನ ಕೈಲಿ ಸುಳ್ಳು ಹೇಳಿಸೋದು.

ಸಂಜೆ ಆರಕ್ಕೆ ಲೈಟು, ದಿನಕ್ಕೊಂದು ರೂಮಲ್ಲಿ.
ಹತ್ತನೇ ನಂಬರಿನ ಹಳೇ ಚಪ್ಪಲಿ
ಇವತ್ತು ಒಳಮುಖ, ನಾಳೆ ಹೊರಮುಖ.
ತಂತಿ ಮೇಲೆ ಯಾರೂ ತೊಡದ ಬನಿಯನ್ನು
ಒಣಗಿದರೆ ಮತ್ತೆ ಒದ್ದೆ ಮಾಡಿ ಹಾಕ್ತೀನಿ.
ಗೇಟಿನ ಸಂದಿಗೆ ಸಿಕ್ಕಿಸಿದ ಪಿಜ್ಜಾ ಚೀಟಿ
ಕಾಗದವಲ್ಲ, ಪ್ರಶ್ನೆ:
ಒಳಗಿದ್ದೀರಾ?
ಎರಡು ದಿನ ಅಲ್ಲೇ ಇದ್ದರೆ ಉತ್ತರ ಸಿಕ್ಕಂತೆ.
ಕಂಡ ತಕ್ಷಣ ಕಿತ್ತು ನಮ್ಮ ಹಂಡೆ ಒಲೆಗೆ.

"ನಿನ್ನ ಆಟಕ್ಕಿಂತ ನನ್ನ ಕ್ಯಾಮೆರಾ ವಾಸಿ" ಅಂತಾನೆ ಸೇಟು,
ಶಟರು ಎಳೆದು, ಮೂರು ಸಲ ಜಗ್ಗಿ ನೋಡ್ತಾ.
ಅದರ ಕಣ್ಣಿಗೆ ಜೇಡ ಬಲೆ ಕಟ್ಟಿ ತಿಂಗಳಾಗಿತ್ತು.
ಪೊರಕೆ ತುದೀಲಿ ನಾನೇ ಒರೆಸಿದೆ.

ಬೆಳಗಿನ ಜಾವ ಐದೂವರೆಗೆ ನೀರು, ರಂಗೋಲಿ ಡಬ್ಬ.
ಐದು ಚುಕ್ಕಿ, ಐದು ಸಾಲು, ನಡುವೆ ತಾವರೆ.
ನಾಲ್ಕು ಬಾಗಿಲು, ಇಪ್ಪತ್ತು ನಿಮಿಷ.

ನಾಲ್ಕನೇ ದಿನ ಬೀಟ್ ಪೊಲೀಸ್ ಹೊನ್ನೂರಸ್ವಾಮಿ
ಬೈಕು ನಿಲ್ಲಿಸಿ ರಸ್ತೆಯ ಆ ತುದಿ ಈ ತುದಿ ನೋಡಿದ.
ಬಳ್ಳಾರಿ ಕಡೆಯವನು.
"ನಾಕು ಮನಿ, ಒಂದಾ ಕೈ, ಪಿಳ್ಳಮ್ಮಾ.
ನನಗಾ ತಿಳೀತು,
ಕಳ್ಳಗ ತಿಳಿಯಂಗಿಲ್ಲೇನು?"
ಕಂಬದ ಪುಸ್ತಕಕ್ಕೆ ರುಜು ಹಾಕಿ ಹೋದ.

ಕೂತೇಬಿಟ್ಟೆ, ಬಟ್ಟೆ ಒಗೆಯೋ ಕಲ್ಲಿನ ಮೇಲೆ.
ನನ್ನ ತಾವರೆ ನಾಲ್ಕು ಕಡೆ ನಿಂತು
ಇಲ್ಲಿ ಯಾರೂ ಇಲ್ಲ, ಇಲ್ಲೂ ಯಾರೂ ಇಲ್ಲ
ಅಂತ ಕೂಗ್ತಾ ಇತ್ತು.

ಮಾರನೇ ದಿನದಿಂದ ನಾನೂ ಕದಿಯೋಕೆ ಶುರು ಮಾಡಿದೆ,
ಕೈಗಳನ್ನ.

ಬ್ಯಾಂಕಿನ ಶಾರ್ವರಿ ಮೇಡಮ್ಮಿಗೆ ಸದಾ ಅವಸರ:
ಎರಡು ಗೆರೆ, ಒಂದು ಸುತ್ತು, ಪುಡಿ ಚೆಲ್ಲಿದರೂ ತಿರುಗಿ ನೋಡೋಲ್ಲ.
ಹಾಗೇ ಚೆಲ್ಲಿದೆ. ಒರೆಸದೆ ಎದ್ದು ಬರೋಕೆ
ಎಷ್ಟು ಕಷ್ಟ!
ಪಕ್ಕದ ಮನೆ ಇಂಚರ, ಮೂರನೇ ಕ್ಲಾಸು,
ಸೀಮೆಸುಣ್ಣದ ನವಿಲಿಗೆ ಮೂರು ಕಾಲು ಬರೀತಾಳೆ.
ಮೂರೇ ಬರೆದೆ.
ಬಾಡಿಗೆ ಹುಡುಗರ ಮನೆಗೆ ರಂಗೋಲಿಯೇ ಇಲ್ಲ,
ಬೇಕರಿ ಮುಂದೆ ಆರಿಸಿದ ಸಿಗರೇಟಿನ ತುಂಡು
ಹೊಸಲ ಹತ್ತಿರ ಹಾಕಿ ಬಂದೆ.

ಕೊನೇ ಮನೆಗೆ ಮಾತ್ರ ಹೊತ್ತಾಯ್ತು.
ವರದರಾಜನ್ ಸಾರ್ ಹೆಂಡತಿ ಸ್ಟಿಕ್ಕರ್ ಅಂಟಿಸಿದಾರೆ,
ವರ್ಷವಿಡೀ ಅದೇ ಹೂವು. ಅದಕ್ಕೆಲ್ಲಿಯ ಕೈ?
ಆದರೆ ಅವರ ಅತ್ತೆ ಶಿಂಗಮ್ಮನವರ ಕೈ ನನಗೆ ಗೊತ್ತಿತ್ತು:
ಎರಡೆಳೆ, ನಡುಕ,
ಪ್ರತಿ ತಿರುವಲ್ಲೂ ಒಂದು ಸಣ್ಣ ಗಂಟು,
ಮಂಡಿ ನೋವಿಗೆ ಬಲಗಡೆ ಯಾವತ್ತೂ ಪೂರ್ತಿಯಾಗ್ತಿರಲಿಲ್ಲ.
ಅವರು ಹೋಗಿ ಎರಡು ವರ್ಷ.
ಇರಲಿ, ಕಳ್ಳ
ಸತ್ತವರ ಲೆಕ್ಕ ಇಡೋಲ್ಲ.

ವಿಜಯದಶಮಿ ಕಳೆದು ಒಬ್ಬೊಬ್ಬರೇ ಬಂದರು.
ಒಂದು ಚಮಚ ಕೂಡ ಹೋಗಿರಲಿಲ್ಲ.
ವರದರಾಜನ್ ಸಾರ್ ಸೂಟ್‌ಕೇಸು ಹಿಡಿದು ಬಂದವರು
ಬಾಗಿಲ ಮುಂದೆ ಹಾಗೇ ನಿಂತರು.
ಬೀಗದ ಕೈ ಚಾಚಿದೆ. ತೊಗೊಳ್ಳಲಿಲ್ಲ.
ಬಲಗಡೆ ಅರ್ಧಕ್ಕೆ ನಿಂತ ಗೆರೆಯನ್ನೇ ನೋಡ್ತಾ
ಹೆಜ್ಜೆ ಹಿಂದಿಟ್ಟರು,
ಆಮೇಲೆ, ಮೆಲ್ಲಗೆ,
"ಹಿತ್ತಲ ಬಾಗಿಲದ್ದು ಯಾವುದು, ಪಿಳ್ಳಮ್ಮ?"