ಹೆಬ್ಬೆರಳಿನ ಲೆಕ್ಕ

ಮರೀನ್ ಲೈನ್ಸಿನಲ್ಲಿ, ಲೋಕಲ್ ಹಳಿಯ ಮಗ್ಗುಲಿಗೇ ಮೈದಾನ.
ಬೆಳಗಿನ ಆರೂಕಾಲು.
ಪುಣೆಯಿಂದ ಬಂದ ನಿಹಾರ ಪರುಳೇಕರ
ನಾಲ್ಕು ಜೊತೆ ಮುಕ್ಕಾಲಿ ಕಂಬ ನಿಲ್ಲಿಸಿದ್ದಾನೆ,
ಒಂದರ ಕಣ್ಣು ಇನ್ನೊಂದರ ಕಣ್ಣಿಗೆ ನೆಟ್ಟು.
ಸೊನ್ನೆಗೆ, ಹತ್ತಕ್ಕೆ, ಇಪ್ಪತ್ತಕ್ಕೆ, ಮೂವತ್ತು ಮೀಟರಿಗೆ
ಅಡ್ಡಲಾಗಿ ಕಾಣದ ದಾರ.
ಯಾರೂ ದಾಟಬೇಡಿ ಸರ್, ಅಂದ.
ಕಾಗೆಯೊಂದು ಕುಪ್ಪಳಿಸಿ ದಾಟಿತು.
ಯಂತ್ರ ಕಾಗೆಗೂ ಗಡಿಯಾರ ಶುರು ಮಾಡಿತು.

ನನ್ನ ಜೇಬಿನಲ್ಲಿ ಹಳೆಯ ಸ್ಟಾಪ್‌ವಾಚು.
ವಡಾಳದ ಕನ್ನಡ ಶಾಲೆಗೆ ಬೀಗ ಬಿದ್ದ ದಿನ
ಬೆಂಚು, ಗ್ಲೋಬು, ಹಾರ್ಮೋನಿಯಂ ಎಲ್ಲ ಬರೆದುಕೊಟ್ಟೆ,
ಇದನ್ನು ಪಟ್ಟಿಗೆ ಸೇರಿಸಲು ಮರೆತೆ.
ಮರೆತೆ ಅಂತಲೇ ಇಟ್ಟುಕೊಳ್ಳಿ.
ಮೂವತ್ತೊಂದು ವರ್ಷ ಗುಂಡಿ ಒತ್ತಿ
ಬಲಗೈ ಹೆಬ್ಬೆರಳಿಗೆ ಆಣಿ ಬಂದಿದೆ.

ಸೇವಂತಾ ರಾಠೋಡ ಲೇಸು ಬಿಗಿಯುತ್ತಿದ್ದಾಳೆ.
ಕೊನೆಯ ಬ್ಯಾಚಿನ ಹುಡುಗಿ.
ಅಪ್ಪ ಅವ್ವ ಇಬ್ಬರೂ ಪರೇಲಿನಲ್ಲಿ
ಹತ್ತೊಂಬತ್ತನೆಯ ಮಹಡಿಗೆ ಗಚ್ಚು ಹೊರುತ್ತಾರೆ.
“ನಿಮ್ಮ ವಾಚಿನ್ಯಾಗ ನಾಕು ಪಾಯಿಂಟ್ ಎರಡು ಒಂದು ಇತ್ತಲ್ರಿ ಸರ,
ಇವತ್ತ ಅದನ್ನ ಮುರೀತೀನಿ ನೋಡ್ರಿ.”

ಓಡಿದಳು.
ಪರದೆಯ ಮೇಲೆ ನಾಲ್ಕು ಪಾಯಿಂಟ್ ನಾಲ್ಕು ಐದು.
ಅವಳು ಪರದೆ ನೋಡಿದಳು,
ಆಮೇಲೆ ನನ್ನ ಕೈ ನೋಡಿದಳು.

ನಿಹಾರ ಮೆತ್ತಗೆ ಹೇಳಿದ: ತಪ್ಪು ಯಾರದೂ ಅಲ್ಲ ಸರ್.
ಕಾಲು ಕಿತ್ತದ್ದು ಕಣ್ಣಿಗೆ ಬಿದ್ದು
ಸುದ್ದಿ ಬೆರಳಿಗೆ ಮುಟ್ಟುವ ಹೊತ್ತಿಗೆ
ಅವಳು ಆಗಲೇ ಹೊರಟಿರುತ್ತಾಳೆ.
ಕೊನೆಯಲ್ಲಿ ಮಾತ್ರ ಬೆರಳು ಕಾಯುವುದಿಲ್ಲ,
ಎದೆ ಗೆರೆಗೆ ಬರುತ್ತಿದೆ ಅನ್ನುವಾಗಲೇ ಒತ್ತಿಬಿಡುತ್ತದೆ.
ಕೈಯ ವೇಳೆಗೆ ಸುಮಾರು ಕಾಲು ಸೆಕೆಂಡು ಕೂಡಿಸಿ, ಮುಗೀತು.

ಮುಗಿಯಲಿಲ್ಲ.
ಆ ರಾತ್ರಿ ಹಳೆಯ ರಿಜಿಸ್ಟರು ತೆಗೆದು ಕೂಡಿಸುತ್ತ ಕೂತೆ.
ಫೆಲ್ಸಿ ಲೋಬೊಗೆ ಕಾಲು ಸೆಕೆಂಡು.
ಕಿವಿ ಸೋರುತ್ತಿದ್ದ ಯಂಕಪ್ಪನಿಗೆ ಕಾಲು ಸೆಕೆಂಡು.
ದಯಾಕರ ಕರ್ಕೇರನಿಗೆ ಹೇಳಿದ್ದೆ,
ಕೂದಲೆಳೆಯಲ್ಲಿ ತಪ್ಪಿತು ಮಗಾ, ಇನ್ನೊಂದು ವರ್ಷ ನೋಡು ಅಂತ.
ಅವನು ನೋಡಿದ. ಹತ್ತನೆಯ ಇಯತ್ತೆ ಬಿಟ್ಟು ನೋಡಿದ.
ಕೂದಲೆಳೆ ಅಲ್ಲ,
ಒಂದು ಮಾರಿಗೂ ಮಿಕ್ಕಿತ್ತು ಅದು.
ಬೆಳೆಯಲಿ ಎಂಬ ಆಸೆಗೆ ಬೆರಳು
ಎಲ್ಲರನ್ನೂ ತುಸು ಮೊದಲೇ ಮುಟ್ಟಿಸಿತ್ತು.

ನನ್ನ ವಾಚಿಗೆ ಇದ್ದದ್ದು ಒಂದೇ ಮಾತು.
ಕಂಬಗಳು ಸೋರುವ ಜಾಗ ತೋರಿಸಿದವು:
ಕೊನೆಯ ಹತ್ತರಲ್ಲಿ ಅವಳು ಬಾಣ,
ಮೊದಲ ಹತ್ತರಲ್ಲಿ ಬೇಗ ಎದ್ದು ನಿಲ್ಲುತ್ತಾಳೆ,
ಬಾಗಿಲಲ್ಲಿ ಯಾರೋ ಕರೆದ ಹಾಗೆ.

ಎಂಟು ವಾರ.
ಆ್ಯಂಟಾಪ್ ಹಿಲ್ಲಿನ ಏರಿನಲ್ಲಿ
ಸೊಂಟಕ್ಕೆ ಸ್ಕೂಟರಿನ ಟಯರು ಕಟ್ಟಿ ಇಪ್ಪತ್ತು ಮೀಟರು,
ನೆಲವನ್ನು ಹಿಂದಕ್ಕೆ ನೂಕು, ತಲೆ ಎತ್ತಬೇಡ.
ಆಮೇಲೆ ಮೂರು ನಿಮಿಷ ಸುಮ್ಮನೆ ಕೂರು.
ಅದೇ ಅವಳಿಗೆ ಕಷ್ಟವಾದದ್ದು.
ಸುಮ್ಮನೆ ಕೂರುವುದು
ಅವರ ಮನೆಯಲ್ಲಿ ಯಾರಿಗೂ ಬಾರದ ವಿದ್ಯೆ.
ಎದ್ದು ಎದ್ದು ಟಯರಿನ ಮಣ್ಣು ಕೊಡವುತ್ತಿದ್ದಳು.
ಐದು ಓಟಕ್ಕೆ ಸಾಕು ಅಂದರೆ
“ಇಷ್ಟಕ್ಕ ಮನೀಗೆ ಹೋಗ್ಲೇನ್ರಿ?” ಎಂದು ನಾಚುತ್ತಿದ್ದಳು,
ಅರ್ಧ ದಿನದ ಕೂಲಿ ಕದ್ದವಳಂತೆ.
ದಣಿದ ಕಾಲು ದಣಿದ ಓಟವನ್ನೇ ಕಲಿಯುತ್ತದೆ,
ಹೇಳಿದೆ. ನಂಬಲಿಲ್ಲ. ಆದರೂ ಹೋದಳು.

ಮತ್ತೆ ಮರೀನ್ ಲೈನ್ಸು, ಅದೇ ಕಂಬ.
ಚರ್ಚ್‌ಗೇಟಿನ ಗಾಡಿ ಬೇಲಿಯಾಚೆ ಧಡಧಡ ಬಂತು.
ಈ ಸಲ ಅವಳು ಹತ್ತು ಮೀಟರು
ಬಿದ್ದೇ ಬಿಟ್ಟಳು ಅನ್ನುವಷ್ಟು ಬಾಗಿ ಹೋದಳು,
ಬೀಳಲಿಲ್ಲ.
ನಾಲ್ಕು ಪಾಯಿಂಟ್ ಮೂರು ಮೂರು.
ನಾನು ಎಂದೋ ಧರ್ಮಕ್ಕೆ ಕೊಟ್ಟ ಅಂಕಿ ಇನ್ನೂ ದೂರವಿದೆ.
ಇದು ಅವಳದೇ.

“ನಿಮ್ದು ಏನಂತ್ರಿ ಸರ?”
ಜೇಬಿನಲ್ಲಿ ಒತ್ತಿದ್ದು ಹೇಗೆ ಗೊತ್ತಾಯಿತೋ.
ತೆಗೆದೆ. ನಾಲ್ಕು ಪಾಯಿಂಟ್ ಮೂರು ಎಂಟು.
ಅವಳ ಬೆನ್ನು ಗೆರೆ ದಾಟುವ ತನಕ
ಬೆರಳು ಕಾದಿತ್ತು, ಮೊದಲ ಬಾರಿಗೆ.

ಇಣುಕಿ ನೋಡಿ ನಕ್ಕಳು:
“ವಯಸ್ಸಾತು ಬಿಡ್ರಿ ನಿಮ್ಮ ವಾಚಿಗೆ.”