ಅರೆನೆರಳಿನ ತಕರಾರು

ಮರ ಅವನದು, ನೆರಳು ನನ್ನದು.
ಹನ್ನೊಂದು ವರ್ಷ ಇದೇ ಜಗಳ.
ಬಟ್ಟೆ ಒಣಗುವುದಿಲ್ಲ, ಟೊಮೇಟೊ ಕೆಂಪಾಗುವುದಿಲ್ಲ,
ಕೊಂಬೆ ಕಡಿಸು ಲೇಡ್ಲಾ, ಎಂದೆ.
ಓಕ್ ನನ್ನಜ್ಜನಿಗಿಂತ ಹಿರಿದು,
ಬೇಕಾದರೆ ನೀನೇ ಮನೆ ಬದಲಿಸು ಇಶ್ಬೆಲ್, ಎಂದ.
ಆಮೇಲೆ ಮಾತಿಲ್ಲ. ಕ್ರಿಸ್‌ಮಸ್ಸಿಗೆ ಕಾರ್ಡೂ ಇಲ್ಲ.

ಗಲಾಶೀಲ್ಸಿನ ಸಂತೆಯಲ್ಲಿ ಒಬ್ಬ ಮುದುಕಿ
ಒದ್ದೆ ಪತ್ರಿಕೆಯಲ್ಲಿ ಸುತ್ತಿ ಕೊಟ್ಟಳು,
ಎಲೆ ಹಸಿರಿರುವಾಗಲೇ ಕಿತ್ತ ಸ್ನೋಡ್ರಾಪ್.
ಒಣಗಿದರೆ ಈ ಗಡ್ಡೆ ಮುನಿಸಿಕೊಳ್ಳುತ್ತೆ,
ಇವತ್ತೇ ನೆಡು, ಅಂದಳು.
ಮರದ ಬುಡದಲ್ಲಾ?
ಅಲ್ಲೇ ಮತ್ತೆ. ಎಲೆ ಬಿಡೋಕೆ ಓಕ್ ಶುದ್ಧ ಸೋಮಾರಿ,
ಮೇ ತಿಂಗಳ ತನಕ ಬಿಸಿಲೆಲ್ಲ ನಿಂದೇ.

ಇಷ್ಟು ವರ್ಷ ಈ ಲೆಕ್ಕ ನನಗೆ ಹೊಳೆದಿರಲಿಲ್ಲ.

ಅಕ್ಟೋಬರಿನಲ್ಲಿ ಸಿಲ್ಲಾ. ಗೋಲಿಯಷ್ಟು ಗಡ್ಡೆ, ನೂರು.
ಬೇರುಗಳ ನಡುವೆ ಗುದ್ದಲಿ ಇಳಿಯದು;
ಹಳೆಯ ಸೌಟಿನ ಹಿಡಿಯಿಂದ ತೂತು ಕೊರೆದೆ,
ಮೂರು ಬೆರಳಾಳ, ಮೂತಿ ಮೇಲಕ್ಕೆ.
ಜೊತೆಗೆ ನೆಟ್ಟ ಕ್ರೋಕಸ್ ಒಂದೂ ಉಳಿಯಲಿಲ್ಲ:
ಅಳಿಲು ನನ್ನೆದುರಿಗೇ ಕೂತು ಸುಲಿಯಿತು,
ಈರುಳ್ಳಿ ಸುಲಿಯುವ ಅಡುಗೆಯವಳ ಹಾಗೆ,
ಅವಸರವಿಲ್ಲದೆ.

ಮಾರ್ಚಿನಲ್ಲಿ ಓಕಿನಡಿ
ಯಾರೋ ಮಸಿಕುಡಿಕೆ ಒದ್ದು ಹೋದಂತೆ ನೀಲಿ.

ಹೂ ಮುಗಿದ ಮೇಲೆ ಎಲೆಗಳು
ಕುಡಿದು ಬಿದ್ದವರಂತೆ ಮಲಗುತ್ತವೆ.
ಕತ್ತರಿಸಬಾರದು. ಜಡೆ ಹೆಣೆದು ಕಟ್ಟಲೂಬಾರದು.
ಹಳದಿಯಾಗುವ ತನಕ ಅವು
ಕೆಳಗಿನ ಮನೆಗೆ ರೇಷನ್ ಇಳಿಸುತ್ತಿರುತ್ತವೆ.

ಬೀಜದ ಬೆನ್ನಿಗೊಂದು ಜಿಡ್ಡಿನ ತುಣುಕು,
ಇರುವೆಗೆ ಅದು ಕೂಲಿ.
ಹೊತ್ತೊಯ್ದು, ಕೂಲಿ ತಿಂದು, ಬೀಜ ಬಿಸಾಡುತ್ತದೆ
ಎಲ್ಲಿ ಹೊಟ್ಟೆ ತುಂಬಿತೋ ಅಲ್ಲಿ.
ಕಲ್ಲುಗೋಡೆಯಲ್ಲಿ ಸಂದು ಬಹಳ.

ಐದನೆಯ ವಸಂತ. ಏಣಿ ಹತ್ತಿ
ಸೂರಿನ ದೋಣಿಯಿಂದ ಕೊಳೆತ ಎಲೆ ಬಾಚುತ್ತ
ಆಚೆ ನೋಡಿದೆ.
ಲೇಡ್ಲಾನ ಹುಲ್ಲು, ಪ್ರತಿ ಶನಿವಾರ
ಗಡ್ಡ ಹೆರೆದಂತೆ ಹೆರೆಯುವ ಹುಲ್ಲು.
ಯಂತ್ರದ ಗೆರೆ ನೆಟ್ಟಗೆ ಬಂದು
ಗೋಡೆಯ ಹತ್ತಿರ ಸೊಟ್ಟಗೆ ತಿರುಗಿತ್ತು.
ಮೊರದಗಲ ಜಾಗ ಬಿಟ್ಟಿದ್ದ.
ಕೆದರಿದ ಹುಲ್ಲು, ಅದರೊಳಗೆ ನೀಲಿ.

ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿಲ್ಲದೆ ಏನು.
ಏಣಿ ಇಳಿದೆ. ಕರೆಯಲಿಲ್ಲ.

ಮರುದಿನ ಒಂದು ಹಿಡಿ ಸ್ನೋಡ್ರಾಪ್
ಮಣ್ಣು ಸಮೇತ ಎತ್ತಿ, ಪತ್ರಿಕೆಯಲ್ಲಿ ಸುತ್ತಿ, ನೀರು ಚಿಮುಕಿಸಿ
ಗೋಡೆಯ ಮೇಲಿಟ್ಟೆ.
ಎರಡು ದಿನ ಬಿಟ್ಟು ಪತ್ರಿಕೆ ವಾಪಸು ಬಂತು,
ಒಣಗಿಸಿ, ಮಡಿಸಿ, ಮೇಲೊಂದು ಕಲ್ಲು.
ಪದಬಂಧ ಪೆನ್ಸಿಲಿನಲ್ಲಿ ಅರ್ಧ ತುಂಬಿಸಿದ್ದ.

ಎಡದಿಂದ ಬಲಕ್ಕೆ ಒಂಬತ್ತು
ನನಗೆ ಗೊತ್ತು.